ಕಳೆಯ ಕುಲ

ಅದಕ್ಕೆ ‘ಮೊಂಡ’ ಎಂದು ಹೆಸರಿಟ್ಟವರು ಕಳೆ ಕೀಳುವ ಹೆಂಗಸರೇ. ಒಬ್ಬರಿಂದ ಆಗುವ ಕೆಲಸವಲ್ಲ ಅದು. ಒಬ್ಬಳು ಗುದ್ದಲಿಯಿಂದ ಬುಡ ಸಡಿಲಿಸಬೇಕು, ಇನ್ನೊಬ್ಬಳು ಕಾಂಡವನ್ನು ತಬ್ಬಿಕೊಂಡು ಹಿಂದಕ್ಕೆ ವಾಲಬೇಕು. ಬೇರು ಕಿತ್ತುಬಂದಾಗ ಇಬ್ಬರೂ ಮಣ್ಣಿನಲ್ಲಿ ಅಂಗಾತ. ಆಳಿಗಿಂತ ಎತ್ತರ ಬೆಳೆಯುತ್ತಿತ್ತು. ಕಾಂಡ ಮಗುವಿನ ತೋಳಿನಷ್ಟು ದಪ್ಪ. ಔಷಧಿ ಹೊಡೆದರೆ ಸುತ್ತಲಿನ ಹುಲ್ಲೆಲ್ಲ ಸುಟ್ಟುಹೋಗಿ ಇದಕ್ಕೆ ಇನ್ನಷ್ಟು ಜಾಗ ಸಿಗುತ್ತಿತ್ತು. ಅಂಗೈ ಸುಲಿದು, ಅದರ ಮೇಲೆ ಬೆವರು ಇಳಿದು ಉರಿ. ಹಳೆ ಬಟ್ಟೆ ಸುತ್ತಿಕೊಂಡರೆ ಹಿಡಿತ ಸಿಗದು, ಬಿಚ್ಚಿದರೆ ಚರ್ಮ ಉಳಿಯದು.

ಹೊಲ ಬೀಜದ ಕಂಪನಿಯದು. ಅಲ್ಲಿ ಮೇವಿನ ಬೀಜ ಬೆಳೆಯುತ್ತಾರೆ, ಚೀಲಕ್ಕೆ ತುಂಬುತ್ತಾರೆ, ಸುತ್ತಮುತ್ತಲಿನ ರೈತರಿಗೂ ಹೊರದೇಶಕ್ಕೂ ಮಾರುತ್ತಾರೆ. ಹೊಲದ ಅಂಚಿಗೆ ತಗಡಿನ ಮಾಡಿನ ಸಾಲುಮನೆಗಳು. ಕಳೆ ಕೀಳುವವರು ಇರುವುದು ಅಲ್ಲೇ. ಅದನ್ನು ಎಲ್ಲರೂ ‘ಲೈನು’ ಅನ್ನುತ್ತಾರೆ. ಲೈನಿನ ಪ್ರತಿ ಮನೆ ಮುಂದೆಯೂ ಒಂದೋ ಎರಡೋ ಮೇಕೆ. ಮಗುವಿಗೆ ಹಾಲು, ಕಾಯಿಲೆ ಬಿದ್ದರೆ ಆಸ್ಪತ್ರೆ, ಮಗಳಿಗೆ ಮದುವೆ, ಎಲ್ಲಕ್ಕೂ ಆ ಮೇಕೆಯೇ ಗತಿ.

ಆ ವರ್ಷ ಮೊಂಡ ಕಂಪನಿ ಹೊಲದಲ್ಲಷ್ಟೇ ಅಲ್ಲ, ಬೀಜ ಕೊಂಡ ರೈತರ ಹೊಲಗಳಲ್ಲೂ ಎದ್ದಿತು. ರೈತರು ಬಂದು ಕಂಪನಿ ಗೇಟಿನ ಮುಂದೆ ಗಲಾಟೆ ಮಾಡಿದರು. ಮರುದಿನವೇ ಮ್ಯಾನೇಜರ್ ಹೆಂಗಸರನ್ನೆಲ್ಲ ಗೋದಾಮಿನ ಅಂಗಳಕ್ಕೆ ಕರೆಸಿದ.

“ನೋಡ್ರಮ್ಮ, ನಿಮ್ಮ ಮೇಕೆಗಳು ರಸ್ತೆ ಬದೀಲಿ ಕಂಡಕಂಡದ್ದು ತಿಂದು ಬಂದು ಹೊಲದಲ್ಲಿ ಹಿಕ್ಕೆ ಹಾಕ್ತವೆ. ಆ ಹಿಕ್ಕೇಲಿ ಬೀಜ ಇರುತ್ತೆ. ಈ ಕಳೆ ಬಂದಿದ್ದು ಹಾಗೆ.”

“ನಮ್ಮ ಮೇಕೆ ಇವತ್ತು ನಿನ್ನೆ ಬಂದವಾ ಸ್ವಾಮಿ? ಅಜ್ಜಿ ಕಾಲದಿಂದ ಹಿಕ್ಕೆ ಹಾಕ್ತಾನೇ ಇದಾವೆ. ಈ ಪೀಡೆ ಯಾಕೆ ಈಗ ಹುಟ್ತು?” ಎಂದಳು ಒಬ್ಬ ಹೆಂಗಸು. ಅವಳ ದನಿ ಹೊಲದ ಆ ತುದಿಗೂ ಕೇಳುತ್ತಿತ್ತಾದ್ದರಿಂದ ಲೈನಿನವರು ಅವಳನ್ನು ‘ಮೈಕು’ ಎಂದೇ ಕರೆಯುತ್ತಿದ್ದರು.

“ವಾದ ಬೇಡ. ಸರ್ಕಾರಿ ಬೀಜದ ಲ್ಯಾಬಿಗೆ ಕಳಿಸ್ತೀವಿ. ಮೇಕೆಯಿಂದಲೇ ಅಂತ ರಿಪೋರ್ಟ್ ಬಂದ್ರೆ, ಮೇಕೆಗಳನ್ನ ರೈತರ ನಷ್ಟಕ್ಕೆ ಜಮಾ ಮಾಡ್ಕೋತೀವಿ. ಹೊಲ ಶುದ್ಧ ಆಗೋವರೆಗೂ ಕೂಲಿ ಇಲ್ಲದೆ ಕೀಳ್ಬೇಕು. ಸುಗ್ಗಿ ಮುಗಿದ್ಮೇಲೆ ಲೈನೂ ಖಾಲಿ ಮಾಡ್ಬೇಕು.”

ಇಷ್ಟು ಕೇಳಿದ ಮೇಲೆ ಹೆಂಗಸರು ಎದೆ ಬಡಿದುಕೊಳ್ಳಬೇಕಿತ್ತು. ಆದರೆ ಲ್ಯಾಬು ಎಂಬ ಮಾತು ಕಿವಿಗೆ ಬಿದ್ದದ್ದೇ ಅವರ ಮುಖ ಸಡಿಲವಾಯಿತು. ಮೈಕು ಪಕ್ಕದವಳ ಸೊಂಟಕ್ಕೆ ತಿವಿದು ಪಿಸುಗುಟ್ಟಿದಳು. ಅವಳ ಪಿಸುಮಾತು ಮ್ಯಾನೇಜರನಿಗೂ ಕೇಳಿಸಿತು.

“ಲ್ಯಾಬಂತೆ! ಅಲ್ಲಿರೋದು ನಮ್ಮ ಕನ್ನಡಕ ಅಲ್ವೇನೇ!”

ಕನ್ನಡಕ ಅಂದರೆ ಲ್ಯಾಬಿನ ಮುಖ್ಯಸ್ಥ. ಊರಿಗೆಲ್ಲ ಸಾಹೇಬರು, ಲೈನಿಗೆ ಮಾತ್ರ ಕನ್ನಡಕ. ಅವನು ಹುಟ್ಟಿದ್ದು ಲೈನಿನ ಕೊನೆ ಮನೆಯಲ್ಲಿ. ಅಪ್ಪ ಯಾರೆಂದು ಗೊತ್ತಿಲ್ಲ. ಕಳೆ ಕೀಳುತ್ತಿದ್ದ ತಾಯಿ ಹೊಲದಲ್ಲೇ ಕುಸಿದು ಸತ್ತಾಗ ಇವನಿನ್ನೂ ಸ್ಲೇಟು ಹಿಡಿದುಕೊಂಡು ಓಡಾಡುವ ಹುಡುಗ. ಅವತ್ತಿನಿಂದ ಲೈನಿನ ಮನೆಗಳು ಸರದಿ ಹಾಕಿಕೊಂಡವು. ಇವತ್ತು ಈ ಮನೆಯ ಊಟ, ನಾಳೆ ಆ ಮನೆಯದು. ಮಲಗುವುದು ಮಾತ್ರ ಅಕ್ಕನ ಮನೆಯಲ್ಲಿ. ಅಕ್ಕ ಅಂದರೆ ಆಗಷ್ಟೇ ಲೈನಿಗೆ ಮದುವೆಯಾಗಿ ಬಂದಿದ್ದ ಹೆಂಗಸು. ಅವಳು ತನ್ನ ಬೆಳ್ಳಿ ಕಡಗ ಮಾರಿ ಅವನಿಗೆ ಮೊದಲ ಕನ್ನಡಕ ಕೊಡಿಸಿದಳು. ಅವನು ಓದಿದ, ಮೇಲೆ ಹೋದ, ಸಾಹೇಬನಾದ. ಸಾಹೇಬನಾದ ಮೇಲೂ ಲೈನಿಗೆ ಬಂದರೆ ಅಕ್ಕನ ಮನೆಯ ಹೊಸ್ತಿಲ ಮೇಲೇ ಕೂರುತ್ತಿದ್ದ. ಕುರ್ಚಿ ಹಾಕಿದರೆ ಬೈಯುತ್ತಿದ್ದ.

ಅಕ್ಕನ ಮಗಳನ್ನು ಲ್ಯಾಬಿಗೆ ಸೇರಿಸಿದವನೂ ಅವನೇ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ಹುಡುಗಿಯನ್ನು ಕರೆದುಕೊಂಡು ಹೋಗಿ ಕಾಂಟ್ರಾಕ್ಟ್ ಮೇಲೆ ಕೆಲಸ ಕೊಡಿಸಿದ, ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ. ದಿನವಿಡೀ ಚಿಮಟ ಹಿಡಿದು ಬೀಜ ಹೆಕ್ಕುವ ಅವಳನ್ನು ಲೈನಿನವರು ‘ಚಿಮಟಿ’ ಎಂದು ಕರೆದರು. ಅವಳಿಗೆ ಅವನು ಮನೆಯಲ್ಲಿ ಮಾವ, ಆಫೀಸಿನಲ್ಲಿ ಸರ್.

*

ಮಾದರಿ ತೆಗೆದುಕೊಳ್ಳಲು ಕನ್ನಡಕ ತಾನೇ ಬಂದ. ಹೊಲದ ಮೊಂಡದ ತೆನೆ ಉಜ್ಜಿ ಬೀಜ ತೆಗೆದ. ಮೇಕೆಗಳ ಹಿಕ್ಕೆಯನ್ನು ಕವರಿಗೆ ತುಂಬಿಸಿದ. ಚಿಮಟಿ ಕೇಳಿದಳು:

“ಸರ್, ಕಂಪನಿ ಚೀಲದಿಂದಲೂ ತಗೋಬೇಕಲ್ವಾ? ರೈತರ ಹೊಲಕ್ಕೆ ಹೋಗಿರೋದು ಅದೇ ಬೀಜ.”

ಮ್ಯಾನೇಜರ್ ಅವಳನ್ನು ದುರುಗುಟ್ಟಿ ನೋಡಿದ. ಸುತ್ತ ರೈತರಿದ್ದರು. ಕನ್ನಡಕ ನಕ್ಕ.

“ಹೌದು, ತಗೋಬೇಕು. ಸರಿಯಾಗಿ ಹೇಳಿದಳು.”

ಗೋದಾಮಿಗೆ ಹೋಗಿ ಚೀಲ ಬಿಚ್ಚಿಸಿ ಒಂದು ಹಿಡಿ ಬೀಜ ತಂದ. ಆಮೇಲೆ ಅಕ್ಕನ ಹೊಸ್ತಿಲ ಮೇಲೆ ಕೂತು ಚಹಾ ಕುಡಿದ. ಅಕ್ಕ ಅವನ ಮುಂದೆ ಅಂಗೈ ಚಾಚಿದಳು.

“ನೋಡಪ್ಪ, ಹೇಗಾಗಿದೆ. ಮಾಡದ ತಪ್ಪಿಗೆ ಕೂಲೀನೂ ಕೊಡಲ್ಲವಂತೆ.”

ಅವನು ಆ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡ. “ಲ್ಯಾಬು ಸುಳ್ಳು ಹೇಳಲ್ಲ ಅಕ್ಕ. ನಾನಿದೀನಿ. ನೀನು ಧೈರ್ಯವಾಗಿರು.”

ಆ ಮಾತು ಸಂಜೆಯೊಳಗೆ ಲೈನಿನ ಎಲ್ಲ ಮನೆಗಳನ್ನೂ ಮುಟ್ಟಿತು. ಬೆಳಿಗ್ಗೆ ಮೇಕೆ ವ್ಯಾಪಾರಿಯನ್ನು ಕರೆಸಿದ್ದವರು ಅವನನ್ನು ವಾಪಸ್ಸು ಕಳಿಸಿದರು.

*

ಚಿಮಟಿ ಕೆಲಸಕ್ಕೆ ಕೂತಳು. ಹಿಕ್ಕೆಯನ್ನು ನೀರಲ್ಲಿ ನೆನೆಸಿ, ನುಣ್ಣನೆ ಜರಡಿಯಲ್ಲಿ ತೊಳೆದು, ಉಳಿದ ಕಸವನ್ನು ಒಣಗಿಸಿದಳು. ಪಕ್ಕದ ಟೇಬಲಿನವರು ಮೂಗು ಮುಚ್ಚಿಕೊಂಡು, “ಇವತ್ತು ಲ್ಯಾಬಿಗೆ ಮೇಕೆನೂ ಡ್ಯೂಟಿಗೆ ಬಂದಿದೆಯಾ?” ಎಂದು ನಕ್ಕರು. ಅವಳೂ ನಕ್ಕಳು. ಕೆಳಗಿನಿಂದ ಬೆಳಕು ಬೀಳುವ ಗಾಜಿನ ಮೇಜಿನ ಮೇಲೆ ಕಸ ಹರಡಿ, ಚಿಮಟದಿಂದ ಕಳೆಯ ಬೀಜವನ್ನು ಮಾತ್ರ ಹೆಕ್ಕಿದಳು. ಕಂಪನಿ ಚೀಲದ ಹಿಡಿಯಲ್ಲೂ ಅಂಥ ಬೀಜ ಸಿಕ್ಕವು. ಸಾಸಿವೆಗಿಂತ ಸಣ್ಣವು, ಕಪ್ಪು, ಮಿರಿಮಿರಿ ಮಿಂಚು.

ಭೂತಗನ್ನಡಿಯ ಕೆಳಗೆ ಎಲ್ಲವೂ ಒಂದೇ ಥರ. ಇದೇ ತೊಡಕು. ಮೊಂಡವೂ ದಂಟಿನ ಜಾತಿಗೆ ಹತ್ತಿರದ್ದೇ. ಹಳೆ ಕಾಲದಿಂದಲೂ ರಸ್ತೆ ಬದಿಯಲ್ಲಿ ಬೆಳೆಯುವ, ಮೇಕೆ ತಿನ್ನುವ, ಒಂದೇ ಕೈಯಲ್ಲಿ ಕಿತ್ತರೆ ಬರುವ ಕಾಡುದಂಟಿಗೂ ಇದಕ್ಕೂ ಬೀಜದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ. ಬೀಜವನ್ನು ಒಡೆದು ವಂಶದ ಗುರುತು ನೋಡಬೇಕು. ಅವಳು ಒಂದೊಂದೇ ಬೀಜವನ್ನು ಅರೆದು, ಉಗುರುದ್ದದ ಪುಟ್ಟ ಕೊಳವೆಗೆ ಹಾಕಿ, ದ್ರಾವಣ ಬೆರೆಸಿ ಯಂತ್ರದಲ್ಲಿಟ್ಟಳು. ಬೀಜ ಮೊಂಡದ್ದಾದರೆ ಪರದೆಯ ಮೇಲೆ ಗೆರೆ ಮೇಲೇರುತ್ತದೆ. ಅಲ್ಲದಿದ್ದರೆ ನೆಲಕ್ಕಂಟಿ ಮಲಗಿರುತ್ತದೆ.

ಹೊಲದ ಬೀಜದ ಗೆರೆ ಏರಿತು. ಚೀಲದ ಬೀಜದ ಗೆರೆಯೂ ಏರಿತು. ಮೇಕೆ ಹಿಕ್ಕೆಯದ್ದು ಮಲಗಿಯೇ ಇತ್ತು.

ಅವಳು ಮತ್ತೆ ಮೊದಲಿನಿಂದ ಮಾಡಿದಳು. ‘ಕಣ್ಣನ್ನ ನಂಬು, ಆದ್ರೆ ಒಂದೇ ಸಲಕ್ಕೆ ನಂಬಬೇಡ’ ಎಂದು ಹೇಳಿಕೊಟ್ಟವನು ಮಾವನೇ. ಎರಡನೇ ಸಲವೂ ಹಾಗೇ ಬಂತು. ಅವಳು ಅವನ ಕೋಣೆಗೆ ಓಡಿದಳು.

“ಸರ್, ಮೊಂಡ ಬಂದಿರೋದು ಚೀಲದಲ್ಲಿ! ಮೇಕೆ ತಿಂದಿರೋದು ಬರೀ ಕಾಡುದಂಟು. ಎರಡು ಸಲ ನೋಡ್ದೆ.”

ಅವನು ಪರದೆಯ ಚಿತ್ರವನ್ನು ಬಹಳ ಹೊತ್ತು ನೋಡಿದ. ಕನ್ನಡಕ ತೆಗೆದು ಒರೆಸಿದ.

“ಚೊಕ್ಕ ಕೆಲಸ. ಒಂದು ಮಾತು, ಇದನ್ನ ಈಗಲೇ ಯಾರ ಹತ್ರಾನೂ ಆಡ್ಬೇಡ. ಮೇಲಿನವರ ಸಹಿ ಆಗ್ಲಿ, ಕ್ರಮವಾಗಿ ಹೋಗ್ಲಿ. ಇಲ್ಲಾಂದ್ರೆ ಕಂಪನಿಯವರು ಕೋರ್ಟಿಗೆ ಹೋಗ್ತಾರೆ.”

“ಆಯ್ತು ಸರ್.”

ಮನೆಯಲ್ಲಿ ಅವ್ವ, ಅಂದರೆ ಕನ್ನಡಕನ ಅಕ್ಕ, ಕೇಳಿದಾಗ ಅವಳು ಏನೂ ಹೇಳಲಿಲ್ಲ. ಆದರೆ ನಗು ಬಾಯಿಯ ಅಂಚಿನಲ್ಲೇ ನಿಂತಿತ್ತು. “ಮೇಕೆ ಮಾರ್ಬೇಡ ಅವ್ವ. ಅಷ್ಟೇ ಹೇಳ್ತೀನಿ,” ಅಂದಳು. ಅವ್ವನಿಗೆ ಅಷ್ಟು ಸಾಕಾಯಿತು. ಲೈನಿಗೂ ಸಾಕಾಯಿತು.

*

ವರದಿ ಓದಿದ ದಿನ ಗೋದಾಮಿನ ಅಂಗಳ ತುಂಬಿತ್ತು. ಒಂದು ಕಡೆ ರೈತರು, ಇನ್ನೊಂದು ಕಡೆ ಹೆಂಗಸರು, ನಡುವೆ ಮೇಜು. ಕನ್ನಡಕ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಮೈಕು ಜನರ ನಡುವಿನಿಂದಲೇ ಕೈ ಬೀಸಿದಳು. ಅವನು ನೋಡಲಿಲ್ಲ. ಬಿಸಿಲಿಗೆ ಕಂಡಿಲ್ಲವೇನೋ ಎಂದು ಅವಳೇ ಸಮಾಧಾನ ಹೇಳಿಕೊಂಡಳು.

ಅವನು ಓದಿದ. ದನಿ ತಣ್ಣಗಿತ್ತು.

“ಹೊಲದ ಕಳೆಯ ಬೀಜ ಹಾಗೂ ಮೇಕೆಯ ಹಿಕ್ಕೆಯಲ್ಲಿ ದೊರೆತ ಬೀಜ, ಇವೆರಡನ್ನೂ ಪರೀಕ್ಷಿಸಲಾಗಿದ್ದು, ಎರಡೂ ಒಂದೇ ಕುಲಕ್ಕೆ ಸೇರಿದವು ಎಂದು ಕಂಡುಬಂದಿದೆ. ಕಂಪನಿಯ ಚೀಲದಿಂದ ಪಡೆದ ಮಾದರಿಯು ನಿಗದಿತ ತೂಕಕ್ಕಿಂತ ಕಡಿಮೆ ಇದ್ದುದರಿಂದ ಪರಿಗಣಿಸಿರುವುದಿಲ್ಲ. ಪರೀಕ್ಷೆ ನಡೆಸಿದವರು...”

ಅಲ್ಲಿ ಅವನು ಚಿಮಟಿಯ ಪೂರ್ತಿ ಹೆಸರು ಓದಿದ.

ಹೆಂಗಸರೆಲ್ಲ ತಿರುಗಿ ಅವಳನ್ನು ನೋಡಿದರು. ಒಬ್ಬರ ಕಣ್ಣಲ್ಲೂ ಸಿಟ್ಟಿರಲಿಲ್ಲ ಇನ್ನೂ. ತಪ್ಪು ಕೇಳಿಸಿಕೊಂಡೆವೇನೋ ಎಂಬಂತೆ ನೋಡುತ್ತಿದ್ದರು. ಅದನ್ನು ತಡೆದುಕೊಳ್ಳುವುದು ಅವಳಿಗೆ ಸಿಟ್ಟಿಗಿಂತ ಕಷ್ಟವಾಯಿತು.

“ಏನೇ ಚಿಮಟಿ? ನೀನೇನೇ ಹಾಗೆ ಹೇಳಿದ್ದು?” ಮೈಕುವಿನ ದನಿ ಮೊದಲ ಸಲ ಸಣ್ಣಗಾಗಿತ್ತು.

“ಇಲ್ಲ ಚಿಕ್ಕಮ್ಮ! ಅದು ಹಾಗಲ್ಲ, ಚೀಲದಲ್ಲಿ...”

“ಲ್ಯಾಬಿನ ನೌಕರರು ಸಭೇಲಿ ಮಾತಾಡೋ ಹಾಗಿಲ್ಲ,” ಎಂದ ಕನ್ನಡಕ. ಅವಳ ಕಡೆ ನೋಡದೆ ಎಂದ.

ಆಮೇಲೆ ಯಾರ ಮಾತೂ ಯಾರಿಗೂ ಕೇಳಲಿಲ್ಲ. ರೈತರು ಕೂಗಾಡಿದರು. ಅವರಲ್ಲಿ ದಪ್ಪ ಮೀಸೆಯವನೊಬ್ಬ ಮುಂದೆ ಬಂದು, “ನಿಮ್ಮ ಮೇಕೆ ಹೊಟ್ಟೆಗೆ ನನ್ನ ಹೊಲ ಹೋಯ್ತಲ್ರೇ!” ಎಂದು ಮಣ್ಣೆತ್ತಿ ಎಸೆದ. ಕಂಪನಿ ಲಾರಿ ಲೈನಿನ ಮುಂದೆ ನಿಂತಿತು. ಮೇಕೆಗಳನ್ನು ಕಾಲು ಹಿಡಿದು ಎತ್ತಿ ಹಾಕಿದರು. ಅಕ್ಕನ ಮನೆಯ ಕಂದು ಮೇಕೆ ಮರಿ ಹಾಕಿ ವಾರವಾಗಿತ್ತಷ್ಟೆ. ಅದನ್ನು ಎತ್ತಿದರು, ಮರಿಯನ್ನು ಬಿಟ್ಟುಹೋದರು. ಮರಿ ಲಾರಿಯ ಹಿಂದೆ ಸ್ವಲ್ಪ ದೂರ ಓಡಿ, ಸುಸ್ತಾಗಿ, ರಸ್ತೆ ನಡುವೆ ನಿಂತು ಅರಚಿತು.

*

ಚಿಮಟಿ ನೇರ ಲ್ಯಾಬಿಗೆ ಹೋದಳು. ಬಾಗಿಲು ತಟ್ಟದೆ ಒಳಗೆ ನುಗ್ಗಿದಳು.

“ಮಾವ.”

“ಇಲ್ಲಿ ಸರ್ ಅನ್ನು.”

“ಮಾವ, ನಾನು ಬರೆದುಕೊಟ್ಟಿದ್ದು ಅದಲ್ಲ.”

ಅವನು ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ.

“ಸುಳ್ಳೆಲ್ಲಿದೆ ಹೇಳು. ಮೊಂಡ, ಕಾಡುದಂಟು, ಎರಡೂ ಒಂದೇ ಕುಲ ತಾನೆ? ಯಾವ ಪುಸ್ತಕ ಬೇಕಾದ್ರೂ ತೆಗೆದು ನೋಡು.”

“ಕುಲ ಒಂದೇ. ಪ್ರಭೇದ ಬೇರೆ. ಅಷ್ಟಕ್ಕೇ ಅಲ್ವಾ ಯಂತ್ರ ಇರೋದು? ಕುಲ ಒಂದೇ ಅಂತ ಹೇಳೋಕೆ ಲ್ಯಾಬ್ ಯಾಕೆ ಬೇಕಿತ್ತು?” ಅವಳು ಮೇಜಿನ ಹತ್ತಿರ ಬಂದಳು. “ಚೀಲದ ಮಾದರಿ ತೂಕ ಸಾಲದು ಅಂದ್ರಿ. ಎಷ್ಟು ತರಬೇಕು ಅಂತ ನನಗೆ ಕಲಿಸಿದ್ದೇ ನೀವು. ಒಂದು ಹಿಡಿ ತಂದ್ರಲ್ಲ, ಆವತ್ತೇ ಗೊತ್ತಿತ್ತು ಅಲ್ವಾ ನಿಮಗೆ?”

ಅವನು ಕಿಟಕಿಯ ಕಡೆ ತಿರುಗಿದ. ಕಿಟಕಿಯ ಹೊರಗೆ ಹೊಸ ಕಟ್ಟಡದ ಪಾಯ ತೋಡುತ್ತಿದ್ದರು. ಅದು ಲ್ಯಾಬಿಗೆ ಕಂಪನಿ ಕಟ್ಟಿಸಿಕೊಡುತ್ತಿದ್ದ ಕಟ್ಟಡ.

“ನನ್ನ ಮೇಲೂ ಜನ ಇದಾರೆ,” ಎಂದ ಕೊನೆಗೆ. “ಕಂಪನಿ ಮುಳುಗಿದ್ರೆ ಲೈನಿನವರಿಗೂ ಕೆಲಸ ಇರಲ್ಲ. ಅದನ್ನೂ ಯೋಚಿಸ್ಬೇಕು. ನಿನ್ನ ಕೆಲಸ ಪರ್ಮನೆಂಟ್ ಮಾಡಿಸ್ತಾ ಇದೀನಿ. ಅಕ್ಕನ್ನ ಕ್ವಾರ್ಟರ್ಸಿಗೆ ಕರ್ಕೊಂಡು ಬಾ. ಎರಡು ರೂಮು, ನಲ್ಲಿ ನೀರು.”

“ಉಳಿದೋರು?”

“ಎಲ್ಲರನ್ನೂ ನಾನು ಹೊತ್ಕೊಂಡು ತಿರುಗೋಕಾಗುತ್ತಾ?” ಅವನ ದನಿ ಏರಿತು. “ಅನ್ನ ಹಾಕಿದ್ರು, ನಿಜ. ಹಾಕಿದ್ರು ಅಂತ ಸಾಯೋವರೆಗೂ ಅವರ ಬಾಗಿಲು ಕಾಯ್ಬೇಕಾ? ನಾನೆಲ್ಲಿಗೆ ಹೋದ್ರೂ ಆ ಮಣ್ಣು ಅಂಟ್ಕೊಂಡೇ ಬರ್ಬೇಕಾ?”

ಅವಳು ಮಾದರಿಗಳನ್ನಿಡುವ ಕಪಾಟು ತೆರೆದು ನೋಡಿದಳು.

“ಉಳಿದ ಬೀಜ ಎಲ್ಲಿದೆ? ಮತ್ತೆ ಪರೀಕ್ಷೆ ಮಾಡೋಣ, ಎಲ್ಲರ ಎದುರಿಗೆ.”

“ವಿಲೇವಾರಿ ಆಯ್ತು.”

ಯಂತ್ರದಲ್ಲಿದ್ದ ಚಿತ್ರಗಳೂ ಹೋಗಿದ್ದವು. ಮರುದಿನ ಅವಳು ಕೆಲಸಕ್ಕೆ ಹೋದಾಗ ಗೇಟಿನ ಕಾವಲುಗಾರ ನೆಲ ನೋಡುತ್ತಾ, “ಒಳಗೆ ಬಿಡಬಾರದು ಅಂದಿದಾರೆ ತಾಯಿ. ನನ್ನ ಹೊಟ್ಟೆ ಮೇಲೆ ಹೊಡೀಬೇಡ,” ಎಂದ.

*

ಲೈನಿನಲ್ಲಿ ಯಾರೂ ಅವಳನ್ನು ಮಾತಾಡಿಸಲಿಲ್ಲ. ನಲ್ಲಿಯ ಹತ್ತಿರ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಕೂಲಿಯಿಲ್ಲದೆ ದಿನವಿಡೀ ಮೊಂಡ ಕಿತ್ತು ಬಂದವರ ಮುಖದಲ್ಲಿ ಮಾತಿಗೆ ಕಸುವೂ ಇರಲಿಲ್ಲ. ಅವ್ವ ಮರಿಗೆ ಬಟ್ಟೆಯ ತುದಿಯಿಂದ ಹಾಲು ಕುಡಿಸುತ್ತಿದ್ದಳು. ಹಾಲು ಅಂಗಡಿಯದು. ಒಂದು ಸಂಜೆ ಅವಳು ತಲೆ ಎತ್ತದೆ ಕೇಳಿದಳು:

“ನೀನು ಕಂಡಿದ್ದೇನು? ನನಗೆ ತಿಳಿಯೋ ಹಾಗೆ ಹೇಳು.”

ಚಿಮಟಿ ಹೇಳಿದಳು. ಏರಿದ ಗೆರೆ, ಮಲಗಿದ ಗೆರೆ, ಒಂದು ಹಿಡಿ, ಕ್ವಾರ್ಟರ್ಸು, ಎಲ್ಲ. ಅವ್ವ ಪೂರ್ತಿ ಕೇಳಿಸಿಕೊಂಡು, “ಅವನಿಗೆ ಯಾರೋ ಬಲವಂತ ಮಾಡಿರ್ಬೇಕು ಕಣೇ. ನನ್ನ ಕೈಲಿ ಬೆಳೆದೋನು,” ಅಂದಳು. ಮತ್ತೆ ಎದ್ದು ಬಾಗಿಲಿಗೆ ಹೋಗಿ ಲೈನಿಗೆಲ್ಲ ಕೇಳುವ ಹಾಗೆ ಕರೆದಳು. “ಬನ್ರೇ ಎಲ್ಲ. ನನ್ನ ಮಗಳು ಮಾತಾಡ್ಬೇಕಂತೆ. ಕೇಳಿದ್ಮೇಲೆ ಬೇಕಾದ್ರೆ ಉಗೀರಿ.”

ಅವರು ಬಂದು ಕೇಳಿದರು. ಮೈಕು ಮೂಗು ಸೀಟಿಕೊಂಡು, “ಅದೆಲ್ಲ ಸರಿ. ಸರ್ಕಾರದ ಮೊಹರು ಬಿದ್ಮೇಲೆ ನಿನ್ನ ಮಾತನ್ನ ಯಾವನು ನಂಬ್ತಾನೆ?” ಎಂದಳು.

“ನನ್ನ ಮಾತು ಯಾಕೆ? ಬೀಜ ಮೊಳೀಲಿ ಚಿಕ್ಕಮ್ಮ. ಬೀಜದಲ್ಲಿ ಗೊತ್ತಾಗಲ್ಲ, ಆದ್ರೆ ಗಿಡ ಬೆಳೆದ್ಮೇಲೆ ಗೊತ್ತಾಗುತ್ತೆ. ಎಲೆ ತೊಟ್ಟನ್ನ ಮಡಚಿ ಎಲೆ ಮೇಲೇ ಇಟ್ಟು ನೋಡಿ. ಕಾಡುದಂಟಿನ ತೊಟ್ಟು ಎಲೇನ ದಾಟಲ್ಲ. ಮೊಂಡದ್ದು ದಾಟುತ್ತೆ. ಸೀಲ್ ಒಡೆಯದ ಒಂದು ಚೀಲ ಸಿಕ್ಕಿದ್ರೆ ಸಾಕು.”

ಚೀಲ ಇದ್ದದ್ದು ರೈತರ ಹತ್ತಿರ. ಅವ್ವ, ಮೈಕು, ಚಿಮಟಿ ಮೂವರೂ ಮೀಸೆಯವನ ಮನೆಗೆ ಹೋದರು. ಅವನು ಅಂಗಳದಲ್ಲೇ ತಡೆದ.

“ಮತ್ತೇನು ತಂದ್ರಿ? ಮೇಕೆನಾ?”

“ಬೈಗುಳ ಆಮೇಲೆ ಬೈಯ್ಯಪ್ಪ,” ಎಂದಳು ಅವ್ವ. “ನಿನ್ನ ಹೊಲ ಹಾಳಾಗಿದ್ದು ನಮ್ಮಿಂದಾನೋ ಅಲ್ವೋ, ನಿನಗೂ ತಿಳೀಬೇಡ್ವಾ? ಮುಂದಿನ ವರ್ಷವೂ ಅದೇ ಚೀಲ ತಂದು ಬಿತ್ತೋನು ನೀನೇ ತಾನೆ?”

ಅವನು ಮೀಸೆ ನೀವಿಕೊಂಡ. ಆಮೇಲೆ ಒಳಗಿನಿಂದ ಬಿಚ್ಚದ ಚೀಲ ಹೊತ್ತು ತಂದ. “ನಿಮ್ಮ ಕೈಗೆ ಕೊಡಲ್ಲ. ನಾನೇ ತರ್ತೀನಿ, ನಾನೇ ಬಿಚ್ತೀನಿ,” ಎಂದ. ಅದೇ ಒಳ್ಳೆಯದಾಯಿತು.

ಹೆಂಗಸರು ಮಣ್ಣನ್ನು ದೊಡ್ಡ ಬಾಣಲೆಯಲ್ಲಿ ಹಾಕಿ ಹುರಿದರು, ಅದರಲ್ಲಿದ್ದ ಹಳೆ ಬೀಜಗಳೆಲ್ಲ ಸಾಯಲಿ ಎಂದು. ಒಡೆದ ಟಬ್ಬು, ಎಣ್ಣೆ ಡಬ್ಬ, ಸಿಕ್ಕಿದ್ದಕ್ಕೆಲ್ಲ ಆ ಮಣ್ಣು ತುಂಬಿದರು. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಅದು ಲ್ಯಾಬಿಗೂ ಕಂಪನಿಗೂ ಹೋಗುವವರೆಲ್ಲ ಹಾಯುವ ಜಾಗ. ಮೀಸೆಯವನು ಎಲ್ಲರೆದುರು ಸೀಲು ಕತ್ತರಿಸಿ ಬಿತ್ತಿದ. ಡಬ್ಬಗಳ ಮೇಲೆ ಹಳೆ ಬಲೆ ಹೊದಿಸಿದರು. ಬಸ್ಸಿಗೆ ಕಾಯುವ ಜನ ಬಗ್ಗಿ ಬಗ್ಗಿ ನೋಡಿ, “ಏನಮ್ಮ ಇದು, ನರ್ಸರಿನಾ?” ಎಂದು ಕೇಳಿದರೆ, ಕಾವಲು ಕೂತಿದ್ದ ಹೆಂಗಸು, “ಇಲ್ಲಪ್ಪ, ಲ್ಯಾಬು,” ಎನ್ನುತ್ತಿದ್ದಳು.

ಮೇವು ಮೊಳೆಯಿತು. ಅದರ ನಡುವೆ ಕೆಂಪು ಕಾಂಡದ ಸಸಿಗಳೂ ಎದ್ದವು. ಎಲೆ ಬಲಿಯುವವರೆಗೂ ಮೀಸೆಯವನು ದಿನಾ ಬಂದ, ದಿನಾ ಸುಮ್ಮನೆ ಹೋದ. ಒಂದು ಬೆಳಿಗ್ಗೆ ಒಂದು ಎಲೆ ಕಿತ್ತು ತೊಟ್ಟನ್ನು ಹಿಂದಕ್ಕೆ ಮಡಚಿ ಎಲೆಯ ಮೇಲಿಟ್ಟ. ತೊಟ್ಟು ಎಲೆಯ ತುದಿ ದಾಟಿ ಹೊರಗೆ ಚಾಚಿತು. ಇನ್ನೊಂದು ಕಿತ್ತ. ಅದೂ ಹಾಗೇ. ಅವನ ಕಿವಿ ಕೆಂಪಾಯಿತು. ಅವ್ವನ ಮುಂದೆ ಬಂದು ಆ ಎಲೆಗಳನ್ನು ಚಾಚಿ ನಿಂತ.

“ಇರ್ಲಿ ಬಿಡಪ್ಪ,” ಎಂದಳು ಅವಳು. “ಮಿಕ್ಕವರಿಗೆ ಹೇಳು ಹೋಗು.”

*

ಮಾರನೆಯ ದಿನ ಹೆಂಗಸರು ಹೊಲಕ್ಕೆ ಹೋದರು, ಆದರೆ ಕಳೆಗೆ ಕೈ ಹಾಕಲಿಲ್ಲ. ಬದುವಿನ ಮೇಲೆ ಸಾಲಾಗಿ ಕೂತರು. ಬೀಜದ ಹೊಲಕ್ಕೆ ತಪಾಸಣೆಯವರು ಬರುವ ಕಾಲ ಹತ್ತಿರವಾಗಿತ್ತು. ಹೊರದೇಶದ ಖರೀದಿದಾರರೂ ಜೊತೆಗೆ ಬರುತ್ತಾರೆ. ಹೊಲದಲ್ಲಿ ಮೊಂಡದ ಒಂದು ತೆನೆ ಕಂಡರೂ ಬೆಳೆಯನ್ನೆಲ್ಲ ತಿರಸ್ಕರಿಸುತ್ತಾರೆ. ಇದು ಹೆಂಗಸರಿಗೆ ಗೊತ್ತಿತ್ತು, ಮ್ಯಾನೇಜರನಿಗೂ ಗೊತ್ತಿತ್ತು. ಮೊಂಡ ಅವರ ಬೆನ್ನ ಹಿಂದೆ ದಿನದಿನಕ್ಕೂ ಎತ್ತರವಾಗುತ್ತಾ ತೆನೆ ಬಿಡತೊಡಗಿತು.

ಮೊದಲು ಮ್ಯಾನೇಜರ್ ಬೈದ. ಆಮೇಲೆ ಪೊಲೀಸು ಎಂದ. ಮೂರನೆಯ ಸಲ ಬಂದಾಗ ಅವನ ದನಿ ಬೆಣ್ಣೆಯಾಗಿತ್ತು.

“ಕೂಲಿ ಕೊಡ್ತೀವಿ ಕಣ್ರಮ್ಮ. ಏಳಿ.”

“ಕೂಲಿ ಆಮೇಲೆ,” ಎಂದಳು ಮೈಕು. “ಮೊದಲು ಮೇಕೆ ವಾಪಸ್ಸು ತನ್ನಿ. ಸುಳ್ಳು ಓದಿದ ಅಂಗಳದಲ್ಲೇ ನಿಜ ಓದಿಸಿ. ಓದಿದ ಬಾಯೇ ಬಂದು ಓದ್ಬೇಕು.”

“ಅವರಿಗೆ ಬಡ್ತಿ ಆಗಿದೆ. ರಾಜಧಾನಿಗೆ ಹೋದ್ರು.”

ಕನ್ನಡಕ ಹೇಳದೆ ಹೋದ ಎಂಬುದೇ ಅವ್ವನ ಮನಸ್ಸಿನಲ್ಲಿ ಸುತ್ತುತ್ತಿತ್ತು. ಮಧ್ಯಾಹ್ನ ಚಿಮಟಿಯ ಹತ್ತಿರ ಮೆಲ್ಲಗೆ, “ಎತ್ತಂಗಡಿ ಮಾಡಿರ್ಬೇಕು. ನಿಜ ಹೇಳಿಬಿಟ್ಟಾನು ಅಂತ ದೂರ ಕಳಿಸಿರ್ಬೇಕು,” ಅಂದಳು. ಚಿಮಟಿ ಅವಳ ಮುಖ ನೋಡಿ, ನೀರಿನ ಚೊಂಬನ್ನು ಅವಳ ಕಡೆ ಸರಿಸಿದಳು.

ಮರುದಿನ ಒಂದು ಲಾರಿ ಬಂತು. ತುಂಬಾ ಹೆಂಗಸರು. ದೂರದ ಯಾವುದೋ ಊರಿನಿಂದ ಕಂಪನಿ ಅವರನ್ನು ಕಳೆ ಕೀಳಲು ತಂದಿತ್ತು. ಕೈಯಲ್ಲಿ ಗುದ್ದಲಿ, ಕಂಕುಳಲ್ಲಿ ಕೂಸು. ಅವರು ಇಳಿದು, ಬದುವಿನ ಮೇಲೆ ಕೂತವರನ್ನು ನೋಡಿ ಅಲ್ಲೇ ನಿಂತರು. ಮ್ಯಾನೇಜರ್ “ನಡೀರಿ, ನಡೀರಿ” ಎಂದು ಅಟ್ಟಿದ. ಅವರಲ್ಲಿ ವಯಸ್ಸಾದ ಒಬ್ಬಳು ಕದಲಲಿಲ್ಲ.

“ಏನ್ ವಿಷಯ ಅಕ್ಕ? ಯಾಕೆ ಕೂತಿದೀರಿ?” ಎಂದು ಅವ್ವನನ್ನು ಕೇಳಿದಳು.

ಹೇಳಿದವಳು ಚಿಮಟಿ. ಒಂದು ಮೊಂಡದ ಎಲೆ ಕಿತ್ತು, ತೊಟ್ಟು ಮಡಚಿ ತೋರಿಸಿ, ಮೇಕೆಗಳ ಮಾತು, ವರದಿಯ ಮಾತು, ಎಲ್ಲ ಹೇಳಿದಳು. ಆ ಮುದುಕಿ ಎಲೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

“ಇದು ನಮ್ಮಲ್ಲೂ ಬಂದಿದೆ,” ಎಂದಳು. “ಹೋದ ವರ್ಷ. ನಮಗೆ ಮೇಕೆ ಇಲ್ಲ. ಬಾತುಕೋಳಿ ತಂದವು ಅಂದ್ರು. ಬಾತುಕೋಳಿ ಎಲ್ಲ ಹೊತ್ಕೊಂಡು ಹೋದ್ರು. ಮನೆಗಳನ್ನೂ ಕೆಡವಿದ್ರು. ಅದಕ್ಕೇ ಹೀಗೆ ಲಾರಿ ಹತ್ಕೊಂಡು ಊರೂರು ಅಲೀತಿದೀವಿ.”

“ಯಾರು ಹೇಳಿದ್ದು, ಬಾತುಕೋಳಿ ಅಂತ?”

“ಲ್ಯಾಬಿನ ಸಾಹೇಬ್ರು. ಬಹಳ ಒಳ್ಳೆ ಮಾತಿನವರು. ಕುರ್ಚಿ ಹಾಕಿದ್ರೆ ಬೇಡ ಅಂದು ನಮ್ಮ ಹೊಸ್ತಿಲ ಮೇಲೇ ಕೂತ್ರು. ನಾನೂ ಕೂಲಿ ಮನೇಲೇ ಹುಟ್ಟಿದೋನು ತಾಯಿ ಅಂದ್ರು. ನನ್ನ ಕೈ ಹಿಡ್ಕೊಂಡು, ಲ್ಯಾಬು ಸುಳ್ಳು ಹೇಳಲ್ಲ ಅಂದ್ರು.”

ಬದುವಿನ ಮೇಲಿದ್ದವರೆಲ್ಲ ಅವ್ವನ ಕಡೆ ತಿರುಗಿದರು. ಹೋದ ವರ್ಷ. ಅಂದರೆ ಕನ್ನಡಕ ಅಕ್ಕನ ಹೊಸ್ತಿಲಲ್ಲಿ ಕೂತು ಚಹಾ ಕುಡಿಯುವುದಕ್ಕೆ ಎಷ್ಟೋ ಮೊದಲು.

ಅವ್ವ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಅಳುತ್ತಾಳೆ ಎಂದು ಚಿಮಟಿ ಹತ್ತಿರ ಸರಿದಳು. ಅವ್ವ ಅಳಲಿಲ್ಲ. ಕೈ ತೆಗೆದಾಗ ಅವಳ ಮುಖ, ಮನೆಯವರನ್ನು ಮಣ್ಣು ಮಾಡಿ ಬಂದವರ ಮುಖದ ಹಾಗಿತ್ತು. ಅವಳು ಪಕ್ಕಕ್ಕೆ ಸರಿದು, ಬದುವಿನ ಮೇಲೆ ಜಾಗ ಬಿಟ್ಟು, ಆ ಮುದುಕಿಯ ಕೈ ಹಿಡಿದೆಳೆದಳು.

“ಬಾ, ಕೂತ್ಕೋ. ಕೂಸುಗಳನ್ನ ನೆರಳಿಗೆ ಬಿಡಿ.”

ಮುದುಕಿ ಗುದ್ದಲಿ ಕೆಳಗಿಟ್ಟು ಕೂತಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಲಾರಿಯ ಹತ್ತಿರ ನಿಂತವರೆಲ್ಲ ಒಬ್ಬೊಬ್ಬರಾಗಿ ಬಂದರು. ಬದು ಸಾಲದೆ ಕೆಲವರು ನೆಲದ ಮೇಲೆ ಕೂತರು.

“ಏಳ್ರೀ! ನಿಮ್ಮನ್ನ ಕೂರೋಕೆ ಕರ್ಕೊಂಡು ಬಂದಿದೀವಾ? ಲಾರಿ ಬಾಡಿಗೆ ಯಾರಪ್ಪ ಕೊಡ್ತಾನೆ?” ಮ್ಯಾನೇಜರ್ ಕಿರುಚಿದ.

ಯಾರೂ ಏಳಲಿಲ್ಲ. ಚಿಮಟಿ ಮುದುಕಿಯನ್ನು ಕೇಳುತ್ತಿದ್ದಳು:

“ಅಜ್ಜಿ, ನಿಮ್ಮೂರಲ್ಲಿ ಈ ಕಂಪನೀದು ಸೀಲ್ ಒಡೆಯದ ಚೀಲ ಯಾರ ಹತ್ರ ಆದ್ರೂ ಉಳಿದಿರುತ್ತಾ?”